ಮೊನೆ ಯಾವುದು, ಬೆನ್ನು ಯಾವುದು?

ಮಳೆ ಹುಯ್ದ ಮಾರನೇ ದಿನ ಹೊಲಕ್ಕೆ ಹೋದರೆ ಕಲ್ಲುಗಳೆಲ್ಲ ಮುಖ ತೊಳೆದುಕೊಂಡು ಕೂತಿರುತ್ತವೆ. ಒಣಗಿದ್ದಾಗ ಒಂದೇ ಬಣ್ಣಕ್ಕೆ ತಿರುಗಿದ್ದ ನೆಲದಲ್ಲಿ ಬೆಣಚುಕಲ್ಲಿನ ಚೂರು ಬೆಳ್ಳಗೆ ಹೊಳೆಯುತ್ತದೆ, ಕರಿಕಲ್ಲಿನ ಉಂಡೆ ಎಣ್ಣೆ ಸವರಿದಂತೆ ಕಾಣುತ್ತದೆ. ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯ ಕಡೆ ಅರಿಸಿನದ ಹೊಲದಲ್ಲೋ ಹುರುಳಿ ಚೆಲ್ಲಿದ ಬೆದ್ದಲಿನಲ್ಲೋ ಹೀಗೆ ನಡೆಯುವಾಗ, ಉಳಿದವುಗಳ ಹಾಗಿಲ್ಲದ ಒಂದು ಕಲ್ಲು ನಿಮ್ಮ ಕಣ್ಣಿಗೆ ಬಿತ್ತು ಎಂದಿಟ್ಟುಕೊಳ್ಳಿ. ಅಂಗೈಯಗಲದ ಕಪ್ಪು ಕಲ್ಲು. ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ. ಮೈ ನುಣುಪು. ಮನೆಗೆ ತಂದರೆ ಹಿರಿಯರು ಮೊದಲು ಹೇಳುವ ಮಾತು: "ಸಿಡ್ಲುಗಲ್ಲು ಕಪ್ಪ ಅದು. ಗುಡಿ ತಾವ ಇಟ್ಬುಡು." ಹುಡುಗರು ಫೋನಿನಲ್ಲಿ ಚಿತ್ರ ತೆಗೆದು ಎರಡು ಪ್ರಶ್ನೆ ಕೇಳುತ್ತಾರೆ: ಇದೇನು? ಎಷ್ಟು ಹಳೆಯದು?

ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಎರಡಕ್ಕೂ ಉತ್ತರ ಕೊಡಬಲ್ಲ ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಎಲ್ಲಿತ್ತು? ಯಾವ ಹೊಲದ ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ, ಪಕ್ಕದಲ್ಲಿ ಇನ್ನೇನಿತ್ತು? ಕಲ್ಲನ್ನು ಎತ್ತಿ ಜೇಬಿಗೆ ಹಾಕಿಕೊಂಡ ಗಳಿಗೆಯಲ್ಲೇ ಈ ಮೂರನೆಯ ಉತ್ತರ ಅರ್ಧ ಕಳೆದುಹೋಗಿರುತ್ತದೆ.

ಅಂತರ್ಜಾಲದಲ್ಲಿ ಕಲ್ಲಿನ ಬಾಣದ ಮೊನೆ ಹುಡುಕಿದರೆ ಬರುವುದು ಹೆಚ್ಚಾಗಿ ಅಮೆರಿಕದ ಚಿತ್ರಗಳು. ಎಲೆಯ ಆಕಾರ, ಎರಡೂ ಅಂಚಿಗೆ ಗರಗಸದ ಹಾಗೆ ಒಪ್ಪವಾಗಿ ಎಬ್ಬಿದ ಚಕ್ಕೆಗಳು, ಕೋಲಿಗೆ ಕಟ್ಟಲು ಬುಡದಲ್ಲೊಂದು ಕಚ್ಚು. ಅಲ್ಲಿ ಮೊನೆಯ ಆಕಾರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಬುಡದಿಂದ ಮೇಲಕ್ಕೆ ಕಾಲುವೆಯಂತೆ ಒಂದು ಚಕ್ಕೆ ತೆಗೆದಿದ್ದರೆ ಅದು ಕ್ಲೋವಿಸ್ ಮೊನೆ, ಸುಮಾರು 13,000 ವರ್ಷ ಹಳೆಯದು ಎಂದು ಬಲ್ಲವರು ನೋಡಿದ ಕೂಡಲೇ ಹೇಳುತ್ತಾರೆ. ಆಕಾರವೇ ಅಲ್ಲಿ ಪಂಚಾಂಗ. ಆ ಪಂಚಾಂಗವನ್ನು ಚಾಮರಾಜನಗರಕ್ಕೆ ತಂದರೆ ತಿಥಿ ಕೂಡುವುದಿಲ್ಲ. ಕರ್ನಾಟಕದಲ್ಲಿ ಅಂಥ ಎಲೆಯಾಕಾರದ ಮೊನೆ ಬಲು ಅಪರೂಪ. ಅದಕ್ಕೆ ಹತ್ತಿರದ ಮೊನೆಗಳನ್ನು ನೋಡಬೇಕೆಂದರೆ ತಮಿಳುನಾಡಿನ ತೂತ್ತುಕುಡಿ ಕಡೆಯ ತೇರಿ ಎನ್ನುವ ಕೆಂಪು ಮರಳುದಿಬ್ಬಗಳಿಗೋ ಶ್ರೀಲಂಕೆಗೋ ಹೋಗಬೇಕು. ನಮ್ಮ ನೆಲದಲ್ಲಿ ಸಿಗುವ ವಸ್ತುಗಳೇ ಬೇರೆ. ಅವನ್ನು ಗುರುತಿಸುವ ಕಣ್ಣನ್ನೂ ನಾವು ಬೇರೆಯಾಗಿಯೇ ಬೆಳೆಸಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು ಮನುಷ್ಯನ ಕೈ ತಾಗಿದೆಯೇ ಎಂಬುದು. ನಯವಾದ ಕಣವಿರುವ ಕಲ್ಲಿಗೆ ಅಂಚಿನಲ್ಲಿ ಗುರಿಯಿಟ್ಟು ಬಡಿದರೆ ಚಕ್ಕೆ ಏಳುತ್ತದೆ. ಆ ಚಕ್ಕೆಯ ಒಳಮೈಯಲ್ಲಿ ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣದೊಂದು ಉಬ್ಬು ಇರುತ್ತದೆ. ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ ಆ ಉಬ್ಬಿನಿಂದ ಗೆರೆಗಳು ಹರಡಿರುತ್ತವೆ. ಚಕ್ಕೆ ಎದ್ದುಹೋದ ಕಲ್ಲಿನಲ್ಲಿ ಅದೇ ಉಬ್ಬಿನ ಅಚ್ಚು ತಗ್ಗಾಗಿ ಉಳಿಯುತ್ತದೆ. ಒಂದು ತಗ್ಗು ಇದ್ದರೆ ಅದು ಆಕಸ್ಮಿಕವಿರಬಹುದು. ಒಂದೇ ಅಂಚಿನಲ್ಲಿ ಸಾಲಾಗಿ ನಾಲ್ಕಾರು ತಗ್ಗು, ಎಲ್ಲವೂ ಒಂದೇ ಕಡೆಯಿಂದ, ಒಂದೇ ಅಳತೆಯಲ್ಲಿ ಇದ್ದರೆ ಅಲ್ಲಿ ಯಾರೋ ಕೂತು ಕೆಲಸ ಮಾಡಿದ್ದಾರೆ.

ನಮ್ಮ ಸೀಮೆಯ ತೊಡಕು ಬೆಣಚುಕಲ್ಲಿನದು. ಚರ್ಟ್ ಎಂಬ ನಯವಾದ ಕಲ್ಲು ಇಲ್ಲಿ ವಿರಳ, ಬೆಣಚು ಎಲ್ಲೆಲ್ಲೂ ಇದೆ. ಬೆಣಚು ಒಳಗಿನ ಬಿರುಕುಗಳ ಜಾಡು ಹಿಡಿದು ಒಡೆಯುವ ಕಲ್ಲು. ಆದ್ದರಿಂದ ಉಬ್ಬು, ಅಲೆ ಒಂದೂ ಸರಿಯಾಗಿ ಮೂಡುವುದಿಲ್ಲ. ಬಂಡೆಯ ಮೇಲಿಟ್ಟು ಮೇಲಿಂದ ಜಜ್ಜಿ ಚಕ್ಕೆ ತೆಗೆಯುತ್ತಿದ್ದ ಪದ್ಧತಿಯೂ ಇತ್ತು. ಅಂಥ ಚಕ್ಕೆಗೂ ಟ್ರ್ಯಾಕ್ಟರಿನ ನೇಗಿಲು ಒಡೆದ ಚೂರಿಗೂ ಒಂದು ನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಇಲ್ಲಿ ಸಹಾಯಕ್ಕೆ ಬರುವುದು ಒಡೆದ ಮೈಯ ಬಣ್ಣ. ಇತ್ತೀಚಿನ ಪೆಟ್ಟು ಹಸಿಯಾಗಿ, ಹೊಳಪಾಗಿ, ಮುಟ್ಟಿದರೆ ಚರ್ಮಕ್ಕೆ ತಾಗುವಂತಿರುತ್ತದೆ. ಹಳೆಯ ಪೆಟ್ಟಿನ ಮೇಲೆ ನೆಲದ ಬಣ್ಣ ಕೂತಿರುತ್ತದೆ, ಅಂಚು ತುಸು ಮೊಂಡಾಗಿರುತ್ತದೆ. ಒಂದೇ ಕಲ್ಲಿನಲ್ಲಿ ಎರಡೂ ಇರಬಹುದು: ಸಾವಿರಾರು ವರ್ಷ ಹಿಂದಿನ ಕೈಯ ಗುರುತು, ಅದರ ಪಕ್ಕದಲ್ಲೇ ಹೋದ ವರ್ಷದ ನೇಗಿಲಿನ ಗಾಯ. ರಸ್ತೆಗೆ ಸುರಿದ ಜಲ್ಲಿಯ ಹತ್ತಿರ ಸಿಕ್ಕಿದ್ದಾದರೆ ಆಸೆ ಬಿಡುವುದೇ ಒಳ್ಳೆಯದು.

ಈಗ ಆ ಕಪ್ಪು ಕಲ್ಲಿಗೆ ಬರೋಣ. ಒಂದು ತುದಿ ಚೂಪಾಗಿದೆಯಲ್ಲ, ಅದನ್ನು ಕಂಡು ಭರ್ಜಿಯ ಮೊನೆ ಎಂದುಕೊಳ್ಳುವುದು ಸಹಜ. ಆದರೆ ಅಗಲವಾದ ತುದಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ. ಅದು ಬಿಲ್ಲಿನಂತೆ ಬಾಗಿ, ಎರಡೂ ಕಡೆಯಿಂದ ಉಜ್ಜಿ ಹದಗೊಳಿಸಿದ ಬಾಯಿ ಆಗಿದ್ದರೆ ನೀವು ಹಿಡಿದಿರುವುದು ಕೊಡಲಿ. ಚೂಪಾದ ತುದಿ ಅದರ ಬೆನ್ನು. ಮರದ ಹಿಡಿಯಲ್ಲಿ ತೂತು ಮಾಡಿ ಆ ತುದಿಯನ್ನು ಅದರೊಳಗೆ ತೂರಿಸುತ್ತಿದ್ದರು. ಮರಕ್ಕೆ ಪೆಟ್ಟು ಹಾಕಿದಷ್ಟೂ ಕೊಡಲಿ ಹಿಡಿಯೊಳಗೆ ಬಿಗಿಯಾಗಿ ಕೂರಬೇಕಲ್ಲ, ಅದಕ್ಕೇ ಬೆನ್ನು ಸಣ್ಣಗೆ ಇಳಿದಿದೆ. ನಡುವೆ ಅಡ್ಡಲಾಗಿ ಕೊಯ್ದರೆ ಮಸೂರದ ಕಾಳಿನಂತೆಯೋ ಮೊಟ್ಟೆಯಂತೆಯೋ ಕಾಣುವ ಮೈ. ದಕ್ಷಿಣ ಭಾರತದ ನವಶಿಲಾಯುಗದ ಗುರುತೆಂದರೆ ಈ ಚೂಪು ಬೆನ್ನಿನ ತ್ರಿಕೋನಾಕಾರದ ಕೊಡಲಿಯೇ.

ಇದನ್ನು ಮಾಡುವ ಕೆಲಸ ನಾಲ್ಕು ಹಂತದ್ದು. ಮೊದಲು ಬಡಿದು ಚಕ್ಕೆ ಎಬ್ಬಿಸಿ ಒರಟು ಆಕಾರ ತರುವುದು, ಆಮೇಲೆ ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ ಏಣುಗಳನ್ನು ಅಳಿಸುವುದು, ನಂತರ ಬಂಡೆಯ ಮೇಲೆ ನೀರು ಹಾಕಿ ಅರೆಯುವುದು, ಕೊನೆಗೆ ಹೊಳಪು ಕೊಡುವುದು. ಎಷ್ಟೋ ಕೊಡಲಿಗಳಲ್ಲಿ ಹೊಳಪು ಬಾಯಿಯ ಹತ್ತಿರ ಮಾತ್ರ ಇರುತ್ತದೆ, ಬೆನ್ನು ಕುಟ್ಟಿದ ಒರಟಿನಲ್ಲೇ ಉಳಿದಿರುತ್ತದೆ. ಹಿಡಿಯೊಳಗೆ ಹೋಗುವ ಭಾಗಕ್ಕೆ ಯಾಕೆ ದುಡಿಯಬೇಕು ಎಂದು ಆ ಕುಶಲಿ ಯೋಚಿಸಿದ್ದು ನಮಗೆ ಇವತ್ತಿಗೂ ಕಾಣುತ್ತದೆ. ಅರ್ಧಕ್ಕೇ ಮುರಿದ ಕೊಡಲಿ, ಒರಟು ಆಕಾರದಲ್ಲೇ ಬಿಟ್ಟುಹೋದ ಕೊಡಲಿ ಸಿಕ್ಕರೆ ಬಿಸಾಡಬೇಡಿ. ನುಣುಪಾದದ್ದು ಯಾರದೋ ಕೈಯಲ್ಲಿ ಊರೂರು ತಿರುಗಿ ಬಂದಿರಬಹುದು. ಅರೆಬರೆಯಾದದ್ದು ಮಾಡಿದ ಜಾಗದಲ್ಲೇ ಬಿದ್ದಿರುವ ಸಂಭವ ಹೆಚ್ಚು.

ಚಂದಕವಾಡಿಯ ಓದುಗರು ಇಂಥ ಕೊಡಲಿಯ ಕಾಲ ತಿಳಿಯಲು ಬಲು ದೂರ ಹೋಗಬೇಕಿಲ್ಲ. ಈ ಸೀಮೆಯ ನೀರು ಹೊತ್ತ ಸುವರ್ಣಾವತಿ ಕೊನೆಗೆ ಸೇರುವುದು ಕಾವೇರಿಯನ್ನು. ಅದೇ ಕಾವೇರಿಗೆ ಕಪಿಲೆ ಬಂದು ಕೂಡುವ ತಿರುಮಕೂಡಲು ನರಸೀಪುರದಲ್ಲಿ, ಹೊಳೆಯ ದಂಡೆಯ ಮೇಲೆ, 1959-60ರಲ್ಲಿ ಉತ್ಖನನ ಶುರುವಾಯಿತು. ಅದನ್ನು ನಡೆಸಿದವರು ಡಾ. ಎಂ. ಶೇಷಾದ್ರಿ. ಹಳೆಯ ಮೈಸೂರು ಸೀಮೆಯ ಶಿಲಾಯುಗದ ಮೇಲೆ 1956ರಲ್ಲೇ ಪುಸ್ತಕ ಬರೆದಿದ್ದವರು. ನರಸೀಪುರದ ಅಗೆತದ ವರದಿ 1971ರಲ್ಲಿ ಹೊರಬಂತು. ಅಲ್ಲಿ ಉಜ್ಜಿದ ಕಲ್ಲಿನ ಕೊಡಲಿಗಳ ಜೊತೆಗೆ ಬೂದು ಬಣ್ಣದ ಮಡಕೆಗಳು, ಹೂಳಿದ ಮನುಷ್ಯರ ಅಸ್ಥಿ, ಸುಟ್ಟ ಮಣ್ಣಿನ ತಲೆದಿಂಬು ಸಿಕ್ಕವು. ಇದ್ದಿಲಿನ ಪರೀಕ್ಷೆಯಿಂದ ಆ ನೆಲೆಗೆ ಸಿಕ್ಕ ಕಾಲ ಸುಮಾರು ಕ್ರಿ.ಪೂ. 1800. ಆ ಮಡಕೆ, ಆ ಇದ್ದಿಲು ಒಂದೇ ಪದರದಲ್ಲಿ ಇದ್ದದ್ದರಿಂದ ಅಲ್ಲಿನ ಕೊಡಲಿಗೊಂದು ಕಾಲ ಬಂತು. ಗುಡಿಯ ಕಟ್ಟೆಯ ಮೇಲೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತ ಅದೇ ಆಕಾರದ ಕೊಡಲಿಗೆ ನಾವು ಹೇಳಬಹುದಾದದ್ದು "ಇದೂ ಆ ಕಾಲದ್ದಿರಬೇಕು" ಎಂಬುದಷ್ಟೇ.

ಸಿಡಿಲುಗಲ್ಲು ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಸಿಡಿಲು ಎರಗುವುದು ಜೋರು ಮಳೆಯಲ್ಲಿ, ಕಲ್ಲು ಕಾಣುವುದು ಆ ಮಳೆ ಮಣ್ಣು ಕೊಚ್ಚಿದ ಮೇಲೆ. ಹೊಲದ ಬೇರಾವ ಕಲ್ಲಿಗೂ ಇಲ್ಲದ ನುಣುಪು ಇದಕ್ಕಿದೆ. ಇವೆರಡನ್ನೂ ಗಮನಿಸಿ ಕಾರಣ ಹುಡುಕಿದವರ ಮಾತದು. ಪ್ರಾಚೀನ ಗ್ರೀಕರೂ ಇಂಥ ಕಲ್ಲನ್ನು ಸಿಡಿಲಿನ ಹೆಸರಿನಿಂದಲೇ ಕರೆದರು, ಯೂರೋಪಿನ ರೈತರು ಮನೆಗೆ ಸಿಡಿಲು ಬಡಿಯದಿರಲೆಂದು ಅದನ್ನು ಇಟ್ಟುಕೊಂಡರು. ನಮ್ಮ ಊರುಗಳಲ್ಲಿ ಮರದ ಬುಡದಲ್ಲಿ, ಗುಡಿಯ ಮುಂದೆ ಇಟ್ಟರು. ಹಾಗೆ ಇಟ್ಟದ್ದರಿಂದಲೇ ಎಷ್ಟೋ ಕೊಡಲಿಗಳು ಉಳಿದಿವೆ. ಈಗಲೂ ಅಂಥ ಕಲ್ಲು ಗುಡಿಯಲ್ಲಿದ್ದರೆ ಅದನ್ನು ಅಲ್ಲಿಂದ ಕದಲಿಸುವುದು ತಪ್ಪು. ಯಾರ ಹೊಲದಿಂದ ಬಂತೆಂದು ಊರಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಂಡರೆ ಸಾಕು. ಆ ನೆನಪಿರುವವರು ಹೋದರೆ ಅದೂ ಹೋಗುತ್ತದೆ.

ಇನ್ನು ನಿಜವಾದ ಮೊನೆ. ಅದು ನಮ್ಮಲ್ಲಿ ಇದೆ, ಆದರೆ ಕಾಣುವುದು ಕಷ್ಟ. ಕಿರುಬೆರಳ ಉಗುರಿನಷ್ಟು ಚಿಕ್ಕದು, ದೊಡ್ಡದೆಂದರೆ ಎರಡು ಮೂರು ಸೆಂಟಿಮೀಟರು. ಸೂಕ್ಷ್ಮ ಶಿಲಾಯುಧ ಎನ್ನುವುದು ಇದಕ್ಕೇ. ಬೆಂಗಳೂರಿನ ಜಾಲಹಳ್ಳಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥವು ದೊರೆತಿವೆ. ಇದರಲ್ಲಿ ನಾನು ಬಹಳ ಮೆಚ್ಚುವುದು ಅರ್ಧಚಂದ್ರದ ಆಕಾರದ್ದನ್ನು. ಒಂದು ಅಂಚು ನೇರ, ಚಕ್ಕೆ ಎದ್ದಾಗಿನ ಹರಿತವನ್ನು ಹಾಗೇ ಉಳಿಸಿಕೊಂಡದ್ದು. ಇನ್ನೊಂದು ಅಂಚು ಬಾಗಿದ್ದು, ಅದನ್ನು ಬೇಕೆಂದೇ ಪುಟ್ಟ ಪುಟ್ಟ ಪೆಟ್ಟುಗಳಿಂದ ಮೊಂಡು ಮಾಡಿರುತ್ತಾರೆ. ಹರಿತವಾದದ್ದನ್ನು ಮೊಂಡು ಮಾಡುವುದು ಯಾಕೆ? ಆ ಬಾಗಿದ ಬೆನ್ನು ಮರದ ಅಂಟಿನಲ್ಲಿ ಕೂರಬೇಕು, ಕಟ್ಟಿದ ನಾರನ್ನು ಕೊಯ್ಯಬಾರದು. ಒಂದನ್ನು ತುದಿಗೆ ಕೂರಿಸಿದರೆ ಬಾಣದ ಮೊನೆ. ಪಕ್ಕಕ್ಕೆ ಓರೆಯಾಗಿ ಕೂರಿಸಿದರೆ ಮುಳ್ಳು. ನಾಲ್ಕೈದನ್ನು ಸಾಲಾಗಿ ಕೂರಿಸಿದರೆ ಕುಡುಗೋಲು. ಒಂದು ಮುರಿದರೆ ಅದನ್ನಷ್ಟೇ ಕಿತ್ತು ಬೇರೆಯದನ್ನು ಅಂಟಿಸಬಹುದು. ಬಿಡಿಭಾಗ ಬದಲಿಸಿ ಆಯುಧ ಉಳಿಸಿಕೊಳ್ಳುವ ಬುದ್ಧಿ ಆಗಲೇ ಇತ್ತು.

ಆದರೆ ಹೊಲದಲ್ಲಿ ಒಂಟಿಯಾಗಿ ಸಿಕ್ಕ ಅರ್ಧಚಂದ್ರವನ್ನು ಹಿಡಿದು ಕಾಲ ಹೇಳಿ ಎಂದರೆ ಪರಿಣತರೂ ತಡವರಿಸುತ್ತಾರೆ. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದ ಬಂಡೆಯಾಸರೆಯಲ್ಲಿ ಸೂಕ್ಷ್ಮ ಶಿಲಾಯುಧಗಳು ಸುಮಾರು 35,000 ವರ್ಷ ಹಿಂದಿನಿಂದಲೇ ಇವೆ. ಬ್ರಹ್ಮಗಿರಿಯಲ್ಲಿ ಉಜ್ಜಿದ ಕೊಡಲಿಯ ಕಾಲದ ಪದರಗಳಲ್ಲೂ ಇವೆ. ನಡುವೆ ಮೂವತ್ತು ಸಾವಿರ ವರ್ಷ. ಅಷ್ಟು ಕಾಲವೂ ಕೆಲಸಕ್ಕೆ ಬಂದ ಆಕಾರವನ್ನು ಯಾರಾದರೂ ಯಾಕೆ ಬದಲಿಸುತ್ತಾರೆ? ಆದ್ದರಿಂದ ಚಿತ್ರ ನೋಡಿಯೇ "ಇದು ಹತ್ತು ಸಾವಿರ ವರ್ಷ ಹಳೆಯದು" ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಕೈಗೊಡಲಿಯ ಮಾತು ಬೇರೆ, ಆಕಾರ ನೋಡಿದರೇ ಅದು ಬಲು ಹಳೆಯದೆಂದು ತಿಳಿಯುತ್ತದೆ. ಎರಡೂ ಮುಖದಿಂದ ಚಕ್ಕೆ ಎಬ್ಬಿಸಿ, ಬಾದಾಮಿಯ ಆಕಾರಕ್ಕೆ ತಂದ, ಹಿಡಿಯಿಲ್ಲದೆ ಅಂಗೈಯಲ್ಲೇ ಹಿಡಿಯುವ ದಪ್ಪ ಕಲ್ಲು ಅದು. 1863ರ ಮೇ 30ರಂದು ಮದ್ರಾಸಿನ ಪಲ್ಲಾವರದಲ್ಲಿ ಅಂಥ ಶಿಲಾಯುಧವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಮುಂದೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥರಾಗಿ ಬಂದರು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪ್ರೊ. ಕೆ. ಪದ್ದಯ್ಯ ಅವರು ಅಗೆದಾಗ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಇವನ್ನು ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಬಂದ ಕಾಲ ಸುಮಾರು 12 ಲಕ್ಷ ವರ್ಷ.

ಕಾಲದ ಲೆಕ್ಕದಲ್ಲಿ ಆಗಾಗ ಆಗುವ ಗೊಂದಲವೊಂದಿದೆ. ಭೂವಿಜ್ಞಾನ ಓದಿದವರಿಗೆ ಕಲ್ಲು ತೋರಿಸಿದರೆ ಕೋಟಿಗಳಲ್ಲಿ ವರ್ಷ ಹೇಳುತ್ತಾರೆ. ಅದು ಕಲ್ಲಿನ ವಯಸ್ಸು. ನಮಗೆ ಬೇಕಾದದ್ದು ಅದು ಒಡೆದ ದಿನ. ಇದ್ದಿಲು, ಎಲುಬು, ಕಾಳು, ಅಂದರೆ ಒಮ್ಮೆ ಜೀವ ಇದ್ದದ್ದರಲ್ಲಿ ಮಾತ್ರ ಇಂಗಾಲ-14 ಎಣಿಸಬಹುದು. ಅದೂ ಸುಮಾರು 50,000 ವರ್ಷದವರೆಗೆ ಮಾತ್ರ. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಹೇಳುವ ಇನ್ನೊಂದು ವಿಧಾನವೂ ಇದೆ. ಅದಕ್ಕೆ ಕಲ್ಲಿನ ಸುತ್ತಲಿನ ಮಣ್ಣನ್ನು ಬೆಳಕು ತಾಗದಂತೆ ಕೊಳವೆಯಲ್ಲಿ ತುಂಬಿ ತೆಗೆಯಬೇಕು. ಎರಡರಲ್ಲೂ ಅಳೆಯುವುದು ಕಲ್ಲಿನ ನೆರೆಹೊರೆಯನ್ನು. ಅದೇ ಜ್ವಾಲಾಪುರದಲ್ಲಿ 74,000 ವರ್ಷ ಹಿಂದೆ ಸುಮಾತ್ರದ ತೋಬ ಜ್ವಾಲಾಮುಖಿ ಉಗುಳಿದ ಬೂದಿ ಪದರವಾಗಿ ಕೂತಿದೆ. ಅದರ ಕೆಳಗೂ ಮೇಲೂ ಕಲ್ಲಿನ ಉಪಕರಣಗಳಿವೆ. ಆ ಉಪಕರಣಗಳನ್ನು ಯಾರೋ ಮೊದಲೇ ಆಯ್ದು ಬುಟ್ಟಿಗೆ ಹಾಕಿದ್ದಿದ್ದರೆ ಯಾವುದು ಬೂದಿಗೆ ಮುಂಚೆ, ಯಾವುದು ಆಮೇಲೆ ಎಂದು ಹೇಳುವವರು ಯಾರೂ ಇರುತ್ತಿರಲಿಲ್ಲ.

ನೆರೆಹೊರೆ ಸರಿಯಾಗಿದ್ದರೂ ಲೆಕ್ಕ ತಪ್ಪಬಹುದು. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರಗಳನ್ನು ಬಹು ಎಚ್ಚರದಿಂದ ಬಿಡಿಸಿದರು. ಮೇಲಿನ ಪದರದ ಮಡಕೆಗೆ ರೋಮನರ ಕಾಲದ ವ್ಯಾಪಾರದ ನಂಟಿತ್ತು. ಅದನ್ನು ಹಿಡಿದು ಕೆಳಗಿಳಿಯುತ್ತ, ಕಲ್ಲಿನ ಕೊಡಲಿಯ ಜನರ ಕಾಲ ಕ್ರಿ.ಪೂ. ಒಂದನೇ ಸಹಸ್ರಮಾನದ ಆರಂಭ ಎಂದು ಅಂದಾಜಿಸಿದರು. ಆಗ ಇಂಗಾಲದ ಪರೀಕ್ಷೆ ಇನ್ನೂ ಬಂದಿರಲಿಲ್ಲ. ಅರವತ್ತರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ಹಳ್ಳೂರು, ತೆಕ್ಕಲಕೋಟೆ, ಸಂಗನಕಲ್ಲು ಎಂಬ ಅದೇ ಬಗೆಯ ನೆಲೆಗಳ ಇದ್ದಿಲು ಅಳೆದಾಗ ಕಾಲ ನೂರಾರು ವರ್ಷ ಹಿಂದಕ್ಕೆ ಸರಿಯಿತು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3000ದ ಸುಮಾರಿಗೆ ಶುರುವಾಗುತ್ತದೆ ಎಂಬುದು ಈಗಿನ ತಿಳಿವಳಿಕೆ. ವೀಲರ್ ತಪ್ಪಿದರೂ ಅವರ ಪದರಗಳ ದಾಖಲೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಅಮೆರಿಕದ ಒಬ್ಬ ದನಗಾಹಿಯ ಕತೆಯನ್ನು ಇಲ್ಲಿ ಹೇಳಲೇಬೇಕು. ಗುಲಾಮಗಿರಿಯಲ್ಲಿ ಹುಟ್ಟಿ ಆಮೇಲೆ ಬಿಡುಗಡೆ ಕಂಡ ಜಾರ್ಜ್ ಮ್ಯಾಕ್‌ಜಂಕಿನ್ ನ್ಯೂ ಮೆಕ್ಸಿಕೋದ ಫೋಲ್ಸಮ್ ಹತ್ತಿರ ದನದ ಕೆಲಸ ನೋಡಿಕೊಳ್ಳುತ್ತಿದ್ದರು. 1908ರಲ್ಲಿ ಪ್ರವಾಹ ಬಂದು ಹಳ್ಳ ಕೊರೆದ ಮೇಲೆ ದಂಡೆಯ ಆಳದಲ್ಲಿ ದೊಡ್ಡ ಎಲುಬುಗಳು ಅವರ ಕಣ್ಣಿಗೆ ಬಿದ್ದವು. ಇವು ಈಗಿನ ಕಾಡೆಮ್ಮೆಯ ಎಲುಬಲ್ಲ ಎಂದು ಗುರುತಿಸಿ ಕಂಡಕಂಡವರಿಗೆ ಹೇಳಿದರು. ಬಂದು ನೋಡಿದವರಿಲ್ಲ. 1922ರಲ್ಲಿ ಅವರು ತೀರಿಕೊಂಡ ಮೇಲೆ ಅಗೆತ ನಡೆಯಿತು. ಮೊದಮೊದಲು ಸಿಕ್ಕ ಕಲ್ಲಿನ ಮೊನೆಗಳನ್ನು ಎತ್ತಿಬಿಟ್ಟಿದ್ದರಿಂದ ವಿದ್ವಾಂಸರು ಒಪ್ಪಲಿಲ್ಲ. 1927ರಲ್ಲಿ ಪಕ್ಕೆಲುಬುಗಳ ನಡುವೆ ಒಂದು ಮೊನೆ ಕಂಡಾಗ ಯಾರೂ ಕೈ ಹಚ್ಚಲಿಲ್ಲ. ತಂತಿ ಕಳಿಸಿ ಬೇರೆ ಬೇರೆ ಊರಿನ ವಿದ್ವಾಂಸರನ್ನು ಕರೆಸಿದರು. ಅವರು ಬಂದು ನೆಲಕ್ಕೆ ಬಗ್ಗಿ ನೋಡಿದರು. ನಾಮಶೇಷವಾದ ಕಾಡೆಮ್ಮೆಯನ್ನು ಮನುಷ್ಯ ಬೇಟೆಯಾಡಿದ್ದ ಎಂಬುದನ್ನು ಅವತ್ತು ಒಪ್ಪಬೇಕಾಯಿತು. ಅಮೆರಿಕದ ಮನುಷ್ಯನ ಇತಿಹಾಸ ಸಾವಿರಾರು ವರ್ಷ ಹಿಂದಕ್ಕೆ ಹೋಯಿತು. ಮೊನೆ ಮುಂಚಿನವುಗಳಂಥದ್ದೇ. ಈ ಸಲ ಅದನ್ನು ಇದ್ದಲ್ಲೇ ಬಿಟ್ಟಿದ್ದರು.

ಹಾಗಾದರೆ ಹೊಲದಲ್ಲಿ ಕಲ್ಲು ಕಂಡವರು ಏನು ಮಾಡಬೇಕು? ಎತ್ತುವ ಮುಂಚೆ ಫೋನಿನಲ್ಲಿ ಎರಡು ಚಿತ್ರ ತೆಗೆಯಿರಿ. ಒಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಇನ್ನೊಂದು ದೂರದಿಂದ, ಬದುವೋ ಮರವೋ ಬೆಟ್ಟದ ಸಾಲೋ ಕಾಣುವಂತೆ. ಫೋನಿನ ನಕ್ಷೆಯಲ್ಲಿ ಜಾಗದ ಗುರುತು ಹಾಕಿ. ಸುತ್ತ ಹತ್ತು ಹೆಜ್ಜೆ ನಡೆದು ಬೇರೆ ಚಕ್ಕೆ, ಮಡಕೆಯ ಬೋಕಿ, ಬೂದಿ ಬಣ್ಣದ ಮಣ್ಣು ಇದೆಯೇ ನೋಡಿ. ಅಗೆಯಬೇಡಿ. ಎತ್ತಲೇಬೇಕಾದರೆ ತೊಳೆಯಬೇಡಿ, ಬ್ರಷ್ಷು ಹಾಕಿ ಉಜ್ಜಬೇಡಿ. ಅಂಚಿನಲ್ಲಿ ಹುಲ್ಲು ಕೊಯ್ದ ಹೊಳಪೋ ಅಂಟಿನ ಕಲೆಯೋ ಉಳಿದಿದ್ದರೆ ಸೂಕ್ಷ್ಮದರ್ಶಕಕ್ಕೆ ಅದು ಕಾಣುತ್ತದೆ. ಮೈಸೂರಿನಲ್ಲಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಇದೆ, ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಇದೆ. ಅಲ್ಲಿಗೆ ಚಿತ್ರದ ಜೊತೆ ಜಾಗದ ವಿವರ ಬರೆದು ಕಳಿಸಿ. ಮಾರುವ ಯೋಚನೆ ಬೇಡ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಅನ್ವಯಿಸುತ್ತದೆ, ದೇಶದಾಚೆ ಸಾಗಿಸುವುದು ಅಪರಾಧ.

ಕಪ್ಪು ಕಲ್ಲಿನ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಬಳ್ಳಾರಿಯ ಸಂಗನಕಲ್ಲು-ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಡೊಲೆರೈಟ್ ಎಂಬ ಕರಿಕಲ್ಲಿನ ಗೋಡೆಯೊಂದು ಬೆಳ್ಳನೆಯ ಗ್ರಾನೈಟನ್ನು ಸೀಳಿಕೊಂಡು ಹೋಗಿದೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಆ ಕಲ್ಲನ್ನು ಒಡೆದು ಕೊಡಲಿ ಮಾಡುವ ದೊಡ್ಡ ಕಾರ್ಯಾಗಾರವೇ ಅಲ್ಲಿತ್ತು. ಪ್ರೊ. ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆ ಜನ ಉಣ್ಣುತ್ತಿದ್ದ ಕಾಳುಗಳಲ್ಲಿ ಹುರುಳಿಯೂ ಕೊರಲೆಯೂ ಇದ್ದವೆಂದು ಸುಟ್ಟ ಕಾಳಿನಿಂದ ತಿಳಿದಿದೆ. ಚಾಮರಾಜನಗರದ ನೆಲದಲ್ಲೂ ಅಂಥ ಕರಿಕಲ್ಲಿನ ಗೋಡೆಗಳು ಹಾದುಹೋಗಿವೆ. ಬ್ಲ್ಯಾಕ್ ಗ್ರಾನೈಟ್ ಎಂಬ ಹೆಸರಿನಲ್ಲಿ ದೇಶವಿದೇಶಕ್ಕೆ ಹೋಗುವ ನಮ್ಮ ಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟ್ ಅಲ್ಲ, ಬಹುಪಾಲು ಡೊಲೆರೈಟ್. ಕೊಡಲಿಗೆ ಆಗಿಬಂದ ಗುಣವೇ ಹೊಳಪಿನ ಚಪ್ಪಡಿಗೂ ಆಗಿಬಂದಿದೆ: ಸಣ್ಣ ಕಣ, ಗಟ್ಟಿ ಮೈ, ಉಜ್ಜಿದಷ್ಟೂ ಮಿಂಚು. ಕಲ್ಲಿನ ಕಸುಬಿಗೆ ಬೇಕಾದ ಜಾಗವನ್ನು ಅಂದಿನವರೂ ಇಂದಿನವರೂ ಒಂದೇ ಕಡೆ ಹುಡುಕುವುದರಿಂದ, ಗಣಿ ತೆರೆದ ಗುಡ್ಡದ ಇಳಿಜಾರಿನಲ್ಲಿ ಹಳೆಯ ಚಕ್ಕೆಗಳಿದ್ದರೆ ಅವು ಗಣಿಯ ತ್ಯಾಜ್ಯದ ಕೆಳಗೆ ಹೂತುಹೋಗುವ ಭಯ ನನಗಿದೆ. ಗಣಿ ಶುರುವಾಗುವ ಮುಂಚೆ ಆ ಇಳಿಜಾರಿನಲ್ಲಿ ಒಂದು ದಿನ ಬಲ್ಲವರು ನಡೆದು ನೋಡುವಂತಾಗಬೇಕು.

ಕುಪ್ಪಗಲ್ಲಿನ ಗುಡ್ಡದಲ್ಲಿ ಆ ಕಪ್ಪು ಬಂಡೆಗಳ ಮೇಲೆ ಗೂಳಿಗಳನ್ನೂ ಮನುಷ್ಯರನ್ನೂ ಕುಟ್ಟಿ ಬಿಡಿಸಿದ್ದಾರೆ. ಅಲ್ಲಿಯ ಕೆಲವು ಬಂಡೆಗಳಲ್ಲಿ ನುಣ್ಣನೆಯ ಸಣ್ಣ ಗುಳಿಗಳಿವೆ. ಆ ಗುಳಿಗೆ ಗುಂಡುಕಲ್ಲಿನಿಂದ ಬಡಿದರೆ ಬಂಡೆ ಗಂಟೆಯ ಹಾಗೆ ನುಡಿಯುತ್ತದೆ. ಆ ಗುಡ್ಡಕ್ಕೂ ಕಲ್ಲುಗಣಿಯ ಬಾಧೆ ತಟ್ಟಿತ್ತು. ನಮ್ಮ ಕಡೆ ಕಲ್ಲು ಒಡೆಯುವ ಕಸುಬಿನವರು ಇವತ್ತಿಗೂ ಉಳಿ ಇಡುವ ಮುಂಚೆ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಸದ್ದು ನುಡಿದರೆ ಒಳಗೆ ಬಿರುಕಿಲ್ಲ, ಸದ್ದು ಮಂಕಾದರೆ ಬಿರುಕಿದೆ. ಚಂದಕವಾಡಿಯ ಹೊಲದಲ್ಲಿ ಸಿಕ್ಕ ಕಲ್ಲನ್ನು ಮೈಸೂರಿಗೆ ತೋರಿಸುವ ಮೊದಲು ಅಂಥ ಒಬ್ಬ ಹಿರಿಯರಿಗೆ ತೋರಿಸಿ. ಹೊಡೆತ ಎಲ್ಲಿಂದ ಬಿದ್ದಿದೆ, ಎಷ್ಟು ಪೆಟ್ಟು, ಯಾವುದು ತಪ್ಪಿದ ಪೆಟ್ಟು ಎಂದು ಅವರು ಬೆರಳಿಟ್ಟು ತೋರಿಸಬಲ್ಲರು.